ಬಾಗಿಲಿಗೊಂದು ಮನೆ

ಲೋಕದಲ್ಲಿ ಮನೆ ಕಟ್ಟಿಸುವವರು ಮೊದಲು ಜಾಗ ನೋಡುತ್ತಾರೆ, ಆಮೇಲೆ ಸಾಲ ಸಿಗುತ್ತದೆಯೇ ನೋಡುತ್ತಾರೆ, ಬಾಗಿಲಿನ ವಿಚಾರ ಬರುವುದು ಕೊನೆಗೆ. ನನ್ನದು ತಿರುಗುಮುರುಗಾಯಿತು. ನನ್ನ ಹತ್ತಿರ ಮೊದಲು ಇದ್ದದ್ದು ಬಾಗಿಲು. ಅದಕ್ಕೊಂದು ಮನೆ ಕಟ್ಟಲು ಅರವತ್ತು ವರ್ಷ ಹಿಡಿಯಿತು.

ಮನೆ ಎಂದೆನಲ್ಲ, ತಪ್ಪಾಯಿತು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಕೋಣೆ ಅದು. ಮಣ್ಣಿನ ಗೋಡೆ, ಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ. ಅದನ್ನು ಏನೆಂದು ಕರೆಯಬೇಕೆಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗುಡಿಸಲು ಎಂದರೆ ನಮ್ಮನೆಯವಳಿಗೆ ಸಿಟ್ಟು. ‘ಕೇಳಿದವ್ರು ಇವ್ರಿಗೆ ಎಂತ ಗತಿ ಬಂತು ಅಂದ್ಕಳ್ಳಲ್ವಾ?’ ಎನ್ನುತ್ತಾಳೆ. ಬಿಡಾರ ಎನ್ನೋಣವೆಂದರೆ ಅದು ಕೊನೆಕೊಯ್ಲಿಗೆ ಬಂದವರು ಉಳಿಯುವ ಜಾಗ. ಮಾಳ ಎಂದರೆ ರಾತ್ರಿಯೆಲ್ಲ ಡಬ್ಬ ಬಡಿದು ಹಂದಿ ಓಡಿಸುವ ಜವಾಬ್ದಾರಿ ಬೀಳುತ್ತದೆ. ಬೆಂಗಳೂರಿನಲ್ಲಿರುವ ಮಗ ಮಾತ್ರ ಮೊಬೈಲಿನಲ್ಲಿ ಫೋಟೋ ನೋಡಿದವನೇ ‘ಅಪ್ಪಾ, ಕ್ಯಾಬಿನ್!’ ಎಂದು ಕೂಗಿದ. ಇಂಥದರಲ್ಲಿ ಒಂದು ರಾತ್ರಿ ಮಲಗಲು ಜನ ನಾಲ್ಕು ಸಾವಿರ ಕೊಡುತ್ತಾರಂತೆ. ನಮ್ಮೂರಿನಲ್ಲಿ ಇಂಥದರಲ್ಲಿ ಮಲಗಿಯೇ ಬೆಳೆದವರೆಲ್ಲ ಸೇರಿ ಎಷ್ಟು ಬಾಕಿ ಕೊಡಬೇಕೆಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಆದರೆ ಆ ಪದ ನನಗೆ ಒಳಗೊಳಗೇ ಹಿಡಿಸಿತು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ನನಗೆ ಗೊತ್ತಿದ್ದ ಕ್ಯಾಬಿನ್ ಎಂದರೆ ಮ್ಯಾನೇಜರರ ಗಾಜಿನ ಗೂಡು. ಪ್ರಮೋಷನ್ ತಗೊಂಡರೆ ಎಲ್ಲಿಗೋ ವರ್ಗ ಮಾಡುತ್ತಾರೆ, ತೋಟ ನೋಡುವವರಿಲ್ಲ ಎಂದು ಪ್ರತಿ ಸಲವೂ ಬೇಡವೆಂದು ಬರೆದುಕೊಟ್ಟೆ. ಹಾಗಾಗಿ ಗಾಜಿನ ಆಚೆ ಕೂರುವ ಯೋಗ ಬರಲಿಲ್ಲ. ನಿವೃತ್ತನಾದ ಮೇಲೆ, ಅದೂ ತೋಟದ ತಲೆಯಲ್ಲೇ, ಒಂದು ಕ್ಯಾಬಿನ್ ದಕ್ಕಿದರೆ ಬೇಡವೆನ್ನುವುದು ಹೇಗೆ?

ಬಾಗಿಲಿನ ಕಥೆ ಹೇಳುತ್ತೇನೆ. ನಮ್ಮ ಮೂಲಮನೆ ಇದ್ದದ್ದು ಶರಾವತಿ ಕಣಿವೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಊರೂರನ್ನೇ ನುಂಗಿತು. ಜೋಗದ ವಿದ್ಯುತ್ತಿಗೆಂದೇ ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಆ ನೀರಿನ ಅಡಿಗೇ ಹೋಯಿತು. ಅಣೆಕಟ್ಟಿಗೇ ಮುಳುಗಡೆ ತಪ್ಪಲಿಲ್ಲ, ನಮ್ಮದೇನು ಮಹಾ! ಹೊರಡುವ ಮುಂಚೆ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಕಂಬ, ತೊಲೆ, ಹೆಂಚು, ಒರಳು ಎಂದು ಹೊರಲಾದದ್ದನ್ನೆಲ್ಲ ತಂದರು. ಅಪ್ಪ ತಂದ ಸಾಮಾನಿನಲ್ಲಿ ನಡುಮನೆಯ ಈ ಬಾಗಿಲೂ ಇತ್ತು, ಒಂದು ವರ್ಷದ ನಾನೂ ಇದ್ದೆ. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಹೇರಿದ್ದರಂತೆ. ಬಾಗಿಲು ಬಿದ್ದರೆ ಸೀಳುತ್ತದೆಂದು ಅದಕ್ಕೆ ಹುಲ್ಲಿನ ಮೆತ್ತೆ ಹಾಕಿ ಹಗ್ಗ ಬಿಗಿದಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಏನು ಮಾಡಿದ್ದರು ಎಂದು ಕೇಳಿದರೆ ‘ನೀ ಅಳ್ತಾ ಇದ್ದೆ’ ಎಂದಷ್ಟೇ ಉತ್ತರ.

ಹಲಸಿನ ಮರದ ಒಂದೇ ಹಲಗೆಯ ಕದ. ನಾಲ್ಕೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ. ಸುತ್ತ ದಾರಂದ, ಕೆಳಗೆ ಮೊಣಕಾಲುದ್ದದ ಹೊಸಿಲು. ಇದಕ್ಕೆ ಕಬ್ಬಿಣದ ಕೀಲು ಇಲ್ಲ. ಕದದ ಮೇಲೊಂದು ಕೆಳಗೊಂದು ಮರದ ಗೂಟ ಅದರದೇ ಮೈಯಲ್ಲಿ ಕಡೆದದ್ದಿದೆ, ಅವು ದಾರಂದದ ಗುಳಿಯಲ್ಲಿ ತಿರುಗುತ್ತವೆ. ತಿರುಗುವಾಗ ಒಂದು ದನಿ ಬರುತ್ತದೆ. ಗಬ್ಬದ ಎಮ್ಮೆ ಮಗ್ಗುಲು ಬದಲಿಸುವಾಗ ನರಳುತ್ತದಲ್ಲ, ಹಾಗೆ. ಇಂಥ ಬಾಗಿಲನ್ನು ನಮ್ಮ ತಾರಸಿ ಮನೆಗೆ ಕೂರಿಸಲಾಗುತ್ತದೆಯೇ ಎಂದು ಅದನ್ನು ಕಟ್ಟಿಸುವಾಗ ಕೇಳಿದ್ದೆ. ಮೇಸ್ತ್ರಿ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ, ‘ಯಾರ್ಗೆ ಸಾರ್, ಮಕ್ಕಳಿಗಾ?’ ಎಂದ. ಅಲ್ಲಿಗೆ ಅದು ಕೊಟ್ಟಿಗೆಯ ಅಟ್ಟ ಸೇರಿತು. ಸೌದೆ ಮಾಡಲು ಮನಸ್ಸಿಲ್ಲ, ಮಾರಲು ಹಕ್ಕಿಲ್ಲ. ಅಣ್ಣನಿಗೂ ಅದರಲ್ಲಿ ಪಾಲಿದೆ. ವರ್ಷಕ್ಕೊಮ್ಮೆ ಏಪ್ರಿಲ್ ಮೇ ಹೊತ್ತಿಗೆ ನಮ್ಮನೆಯವಳು ಕದವನ್ನು ಇಳಿಸಿ ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಇಟ್ಟು, ಹಲಸಿನಕಾಯಿ ಹಪ್ಪಳ ಒಣಗಿಸುತ್ತಿದ್ದಳು. ಹಲಸಿನ ಮರದ ಮೇಲೆ ಹಲಸಿನ ಹಪ್ಪಳ, ಅದಕ್ಕೂ ತವರಿಗೆ ಹೋದಂತೆ ಆಗುತ್ತಿದ್ದಿರಬೇಕು.

ನಿವೃತ್ತನಾದ ಮೂರನೇ ತಿಂಗಳಿಗೆ, ಮನೆಯೊಳಗೆ ನನ್ನ ಇರವು ಎಲ್ಲರ ಕಾಲಿಗೂ ಎಡತಾಕುತ್ತಿದೆ ಎಂಬುದು ನನಗೂ ಹೊಳೆಯಿತು. ಟೀವಿ ಮುಂದೆ ಕೂತರೆ ಕಸ ಗುಡಿಸಬೇಕು ಏಳಿ. ಜಗುಲಿಯಲ್ಲಿ ಕೂತರೆ ಅಡಿಕೆ ಸುಲಿಯುವವರು ಬಂದಿದ್ದಾರೆ ಏಳಿ. ತೋಟದ ತಲೆಯಲ್ಲಿ ಒಂದು ಕೋಣೆ ಕಟ್ಟುತ್ತೇನೆ, ಇಪ್ಪತ್ತು ಸಾವಿರ ರೂಪಾಯಿ ಒಳಗೆ ಮುಗಿಸುತ್ತೇನೆ ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ. ‘ಇಪ್ಪತ್ತು ಸಾವ್ರಕ್ಕೆ ಈಗ ನಾಯಿಗೂಡೂ ಆಗಲ್ಲ’ ಎಂದು ಅವಳು ಮಜ್ಜಿಗೆ ಬಡಿಸಿದಳು. ಮಜ್ಜಿಗೆ ಬಂದಮೇಲೆ ಮಾತು ಮುಗಿಯಿತು ಎಂದೇ ಅರ್ಥ. ಆದರೆ ಕೆಲಸ ಅಲ್ಲಿಂದಲೇ ಶುರುವಾಯಿತು.

ದುಡ್ಡು ಕಡಿಮೆಯಿದ್ದರೆ ಕಾಲ ಕೆಳಗೆ ನೋಡಬೇಕು. ಲಾರಿ ಬೇಕ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ ತಿರುವನಂತಪುರದಲ್ಲಿ ನೆಲೆಸಿ, ಮಣ್ಣು ಇಟ್ಟಿಗೆಯಲ್ಲೇ ಅಗ್ಗದ, ಚೆಂದದ ಮನೆಗಳನ್ನು ಕಟ್ಟಿದರಲ್ಲ; ಅವರಿಗೆ ಗಾಂಧೀಜಿ, ಮನೆಗೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿಯ ಒಳಗೇ ಸಿಗುವಂತಿರಬೇಕು ಎಂದಿದ್ದರಂತೆ. ನಾನು ಐದು ಮೈಲಿ ನಡೆಯುವವನಲ್ಲ. ಹಿತ್ತಿಲ ಧರೆ ಕಡಿದರೆ ಕೆಂಪು ಮಣ್ಣು, ತೋಟದಂಚಿನಲ್ಲಿ ಜಿಗುಟು ಮಣ್ಣು. ಯಾವುದು ಗೋಡೆಗೆ ಆಗುತ್ತದೆ ಎಂದು ನೋಡುವುದಕ್ಕೆ ಹಳಬರ ಒಂದು ಉಪಾಯವಿದೆ. ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದಿ, ಬೆರಳಿನ ಗಾತ್ರಕ್ಕೆ ಹೊಸೆದು, ಕೋಡುಬಳೆ ಸುತ್ತಬೇಕು. ಸುತ್ತುವಾಗ ತುಂಡಾದರೆ ಮರಳು ಹೆಚ್ಚು, ಗೋಡೆ ಉದುರುತ್ತದೆ. ಕೈಗೆ ಅಂಟಿಕೊಂಡು ಬಿಡಲೊಲ್ಲದಿದ್ದರೆ ಜೇಡಿ ಹೆಚ್ಚು, ಒಣಗುವಾಗ ಬಿರುಕು ಬಿಡುತ್ತದೆ. ನಾನು ಜಗುಲಿಯ ಮೇಲೆ ಮೂರು ಸಾಲು ಕೋಡುಬಳೆ ಮಾಡಿ ಒಣಗಲಿಟ್ಟಿದ್ದೆ. ಸಂಜೆ ನಮ್ಮನೆಯವಳು ಬಂದು ಒಂದೊಂದನ್ನೂ ಮುರಿದು ನೋಡಿದಳು. ‘ಇದಕ್ಕೆ ಹಿಟ್ಟು ಸಾಲ್ದು. ಇದು ಗಟ್ಟಿಯಾತು. ಧರೆ ಮಣ್ಣು ಎರಡು ಪಾಲು, ತೋಟದ್ದು ಒಂದು ಪಾಲು ಹಾಕಿ’ ಎಂದಳು. ಅಡಿಗೆಮನೆಯಲ್ಲಿ ನಲವತ್ತು ವರ್ಷ ಹಿಟ್ಟು ನಾದಿದ ಕೈಯದು. ಅದೇ ಅಳತೆಯಲ್ಲಿ ಕಟ್ಟಿದೆವು. ಗೋಡೆಯಲ್ಲಿ ಇವತ್ತಿಗೂ ಹೇಳುವಂಥ ಬಿರುಕಿಲ್ಲ.

ಪಾಯಕ್ಕೆ ಕಾಡುಕಲ್ಲು ಹಾಕಿ ನೆಲದಿಂದ ಒಂದೂವರೆ ಅಡಿ ಎತ್ತರಿಸಿದ್ದಾಯಿತು. ಅದನ್ನು ಕಲ್ಲು ಕಟ್ಟುವವನು ಮೂರು ದಿನದಲ್ಲಿ ಮುಗಿಸಿಕೊಟ್ಟ. ಮೂಲೆ ನೇರ ಮಾಡಲು ಅವನು ದಾರದಲ್ಲಿ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಓರೆಯಲ್ಲಿ ಐದಡಿ ಬಂದ ಮೇಲೇ ಗೂಟ ಬಡಿದ. ಹೈಸ್ಕೂಲಿನಲ್ಲಿ ಪೈಥಾಗರಸ್ ಬಾರದೆ ನಾನು ತಿಂದ ಏಟು ನೆನಪಾಯಿತು. ಅದು ಇಷ್ಟಕ್ಕೆ ಎಂದು ಮೇಷ್ಟ್ರು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಆಮೇಲೆ ಮಣ್ಣು ತುಳಿತ. ಗುಂಡಿಯಲ್ಲಿ ಮಣ್ಣು, ನೀರು, ಗೇಣುದ್ದ ಕತ್ತರಿಸಿದ ಬತ್ತದ ಹುಲ್ಲು ಹಾಕಿ, ಕಚ್ಚೆ ಕಟ್ಟಿ ಇಳಿಯಬೇಕು. ಮೊದಲ ಹತ್ತು ನಿಮಿಷ ಬಾಲ್ಯ ಮರುಕಳಿಸಿದ ಸುಖ. ಹನ್ನೊಂದನೇ ನಿಮಿಷಕ್ಕೆ ಮೀನಖಂಡದಲ್ಲಿ ಹಿಡಿತ. ಮಣ್ಣು ಕಾಲನ್ನು ಎಳೆದುಕೊಳ್ಳುವ ರೀತಿಯೇ ಬೇರೆ. ನಾವು ತುಳಿಯುತ್ತಿದ್ದೇವೋ, ಅದು ನಮ್ಮನ್ನು ನುಂಗುತ್ತಿದೆಯೋ ಗೊತ್ತಾಗುವುದಿಲ್ಲ. ಸರಿಯಾಗಿ ಹದಕ್ಕೆ ಬಂತೆಂದು ತಿಳಿಯುವುದು ಸದ್ದಿನಿಂದ. ಮೊದಲು ಪಚಪಚ ಎನ್ನುತ್ತದೆ, ಆಮೇಲೆ ಹಿಮ್ಮಡಿ ಎತ್ತಿದಾಗ ಒಂದು ದಪ್ಪನೆಯ ‘ಪೊಕ್’. ಹಾಗಾದ ಮೇಲೆ ಒಂದು ರಾತ್ರಿ ಕೊಳೆಯಲು ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ತುಳಿದು, ತೆಂಗಿನಕಾಯಿ ಗಾತ್ರದ ಉಂಡೆ ಮಾಡಿ ಗೋಡೆಗೆ ಬಡಿಯಬೇಕು. ಒಂದು ಸಲಕ್ಕೆ ಒಂದೂಕಾಲು ಅಡಿ ಎತ್ತರ, ಅಷ್ಟೇ. ಅದು ಒಣಗಿ ಬಿಗಿಯುವ ಮುಂಚೆ ಮೇಲೆ ಭಾರ ಹಾಕಿದರೆ ಬುಡ ಹೊಟ್ಟೆ ಬಿಡುತ್ತದೆ. ಏಳಡಿ ಗೋಡೆಗೆ ಆರು ಸುತ್ತು. ಒಂದೊಂದು ಸುತ್ತಿಗೂ ನಾಲ್ಕೈದು ದಿನ ಕಾಯಬೇಕು. ಬ್ಯಾಂಕಿನಲ್ಲಿ ಗಿರಾಕಿಗಳನ್ನು ‘ನಾಳೆ ಬನ್ನಿ’ ಎಂದು ಕಳಿಸುತ್ತಿದ್ದ ನನಗೆ ಈಗ ಗೋಡೆ ಅದೇ ಮಾತು ಹೇಳುತ್ತಿತ್ತು.

ಒಬ್ಬನೇ ಮುಗಿಸುತ್ತೇನೆಂಬ ಹಮ್ಮು ಎರಡನೇ ಸುತ್ತಿಗೇ ಇಳಿದಿತ್ತು. ಕೆಳಮನೆಯ ಚಿಕ್ಕಪ್ಪನ ಮಗ ಹಾದುಹೋಗುವವನು ನೋಡಿ ನಿಂತ. ‘ಎಂತ ಅಣ್ಣಯ್ಯ, ಒಬ್ಬನೇ ಕುಣೀತಾ ಇದ್ಯಲ್ಲ’ ಎಂದ. ಮರುದಿನ ಅವನು, ಅವನ ಹೆಂಡತಿ, ಮತ್ತೆ ನಾಲ್ಕು ಜನ ಬಂದು ಗುಂಡಿಗಿಳಿದರು. ಕೂಲಿ ಮಾತೇ ಇಲ್ಲ; ಮುಯ್ಯಾಳು. ಇವತ್ತು ನೀವು ನಮಗೆ, ನಾಳೆ ನಾವು ನಿಮಗೆ. ನನ್ನ ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು: ಅವಲಕ್ಕಿ, ಚಾ. ಎಷ್ಟು ಅಗ್ಗ ಎಂದು ನಾನು ಹಿಗ್ಗಿದೆ. ಬಡ್ಡಿ ಲೆಕ್ಕ ಹಾಕುವುದರಲ್ಲೇ ಆಯುಸ್ಸು ಕಳೆದವನಿಗೆ ಈ ಸಾಲ ಸಾಲವೆಂದು ಹೊಳೆಯಲೇ ಇಲ್ಲ.

ನಾಲ್ಕನೇ ಸುತ್ತು ಮುಗಿದ ರಾತ್ರಿ ಅಶ್ವಿನಿ ಮಳೆ ಬಂತು. ಬರಬಾರದೆಂದೇನೂ ಇಲ್ಲ, ಪಂಚಾಂಗದಲ್ಲಿ ಅದರ ಹೆಸರು ಇದ್ದೇ ಇದೆ. ಆದರೆ ನಾನು ಮಳೆ ಎಂದರೆ ರೋಹಿಣಿಯಿಂದ ಮೇಲೆ ಎಂದುಕೊಂಡಿದ್ದೆ. ಟಾರ್ಚು ಹಿಡಿದು ಓಡಿಹೋಗಿ, ಸೋಗೆ, ಹಾಳೆ, ಗೊಬ್ಬರದ ಚೀಲ, ಕೊನೆಗೆ ಹಾಸಿಗೆಯ ಮೇಲಿನ ಹೊದಿಕೆಯನ್ನೂ ತಂದು ಗೋಡೆಗೆ ಹೊದಿಸಿದೆ. ಬೆಳಿಗ್ಗೆ ನೋಡಿದರೆ ಪಶ್ಚಿಮದ ಗೋಡೆಯ ಮೂಲೆ ಸೋರಿಹೋಗಿ, ಅರ್ಧ ತಿಂದು ಬಿಟ್ಟ ಮುದ್ದೆಯಂತೆ ಕೂತಿತ್ತು. ಆಚಾರಿ ಅದೇ ದಿನ ಮಾಡಿನ ಅಳತೆಗೆಂದು ಬಂದವನು ತೂಗುಗುಂಡು ಇಳಿಬಿಟ್ಟು ನೋಡಿ, ‘ಅಯ್ಯಾ, ಈ ಗೋಡೆಗೆ ತೋಟ ನೋಡೋ ಆಸೆ ಬಂದಂಗೈತೆ’ ಎಂದ. ಎರಡು ಬೆರಳಿನಷ್ಟು ವಾಲಿತ್ತು. ಮೂಲೆ ಕಡಿದು ಮತ್ತೆ ಕಟ್ಟಿದೆವು. ಅಂಗಡಿಗೆ ಹೋಗಿ ಪ್ಲಾಸ್ಟಿಕ್ ತಾಡಪಾಲು ತಂದೆ. ಐದು ಮೈಲಿಯ ವ್ರತ ಅಲ್ಲಿಗೆ ಮುರಿಯಿತು.

ಬಾಗಿಲು ನಿಲ್ಲಿಸಿದ್ದು ಗೋಡೆಗೂ ಮೊದಲು, ಅದನ್ನು ಹೇಳಲು ಮರೆತೆ. ಪಾಯದ ಮೇಲೆ ದಾರಂದ ನಿಲ್ಲಿಸಿ, ಹಿಂದೆ ಮುಂದೆ ಗಳ ಕೊಟ್ಟು, ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದೆವು. ಸುತ್ತ ಗೋಡೆಯಿಲ್ಲದೆ ಬಯಲಿನಲ್ಲಿ ಬಾಗಿಲೊಂದೇ ಒಂದು ವಾರ ನಿಂತಿತ್ತು. ದಾರಿಯಲ್ಲಿ ಹೋಗುವವರು ‘ಒಳಗೆ ಇದ್ದೀರಾ?’ ಎಂದು ಕೂಗಿ ತಮಾಷೆ ಮಾಡುತ್ತಿದ್ದರು. ನಮ್ಮ ನಾಯಿ ಮಾತ್ರ ಅಷ್ಟಗಲ ಬಯಲಿದ್ದರೂ ಹೊಸಿಲು ದಾಟಿಯೇ ಆಚೆ ಹೋಗಿ ಈಚೆ ಬರುತ್ತಿತ್ತು. ಇಷ್ಟು ಗಿಡ್ಡ ಬಾಗಿಲು ಯಾಕೆ ಮಾಡುತ್ತಿದ್ದರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ತಲೆ ಬಗ್ಗಿಸಿ ಬರಲಿ ಎಂದು, ಕಳ್ಳ ಒಳಗೆ ಬಗ್ಗಿದರೆ ಒನಕೆಯಲ್ಲಿ ಹೊಡೆಯಲು ಸುಲಭ ಎಂದು, ಮಳೆಗಾಲದ ಥಂಡಿ ಒಳಗೆ ನುಗ್ಗದಿರಲಿ ಎಂದು. ಸಿಕ್ಕಿದ ಮರದ ದಿಮ್ಮಿ ಅಷ್ಟೇ ಉದ್ದ ಇತ್ತೇನೋ ಎಂದು ನನ್ನ ಅನುಮಾನ. ಮಗ, ಬಾಗಿಲು ಎತ್ತರ ಮಾಡದಿದ್ದರೆ ಯಾರೂ ನಾಲ್ಕು ಸಾವಿರ ಕೊಡುವುದಿಲ್ಲ ಎಂದು ಎಚ್ಚರಿಸಿದ.

ಮಾಡಿಗೆ ಬಿದಿರು ಹಾಕುವ ಆಸೆಯಿತ್ತು. ಬಿದಿರು ಹುಲ್ಲಿನ ಜಾತಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆದರೆ 1927ರ ಅರಣ್ಯ ಕಾಯಿದೆಯ ಪ್ರಕಾರ ಅದು ಮರ. 2017ರಲ್ಲಿ ಆ ಕಾಯಿದೆ ತಿದ್ದಿ, ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟರು. ತೊಂಬತ್ತು ವರ್ಷ ಸರ್ಕಾರದ ಲೆಕ್ಕದಲ್ಲಿ ಮರವಾಗಿದ್ದು ಕೊನೆಗೂ ಅದು ಹುಲ್ಲಾಗಿ ನಿವೃತ್ತಿ ಪಡೆಯಿತು. ಹುಲ್ಲೋ ಮರವೋ, ಕುಟ್ಟೆ ಹುಳಕ್ಕೆ ಮಾತ್ರ ಅದು ಯಾವತ್ತೂ ಊಟವೇ. ಬಿದಿರಿನೊಳಗಿನ ಪಿಷ್ಟಕ್ಕೆ ಹುಳ ಬೀಳುತ್ತದೆ. ಅದಕ್ಕೇ ಹಳಬರು ಕತ್ತಲೆ ಪಕ್ಷದಲ್ಲೇ ಕಡಿಯಬೇಕೆನ್ನುವುದು, ಕಡಿದದ್ದನ್ನು ಹಳ್ಳದ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿ ಇಡುವುದು. ನನಗೆ ಅಷ್ಟು ಪುರುಸೊತ್ತಿರಲಿಲ್ಲ. ಪಕ್ಕದೂರಿನ ಸ್ನೇಹಿತರೊಬ್ಬರ ಬಿದಿರಿನ ಚಪ್ಪರದಡಿ ಚಾ ಕುಡಿಯುವಾಗ ಲೋಟದೊಳಗೆ ಸಣ್ಣಗೆ ಹುಡಿ ಉದುರಿದ್ದು ಕಂಡು ಆ ಆಸೆ ಬಿಟ್ಟೆ.

ಅಡಿಕೆ ದಬ್ಬೆ ಇದೆಯಲ್ಲ, ಸಾಕು ಎಂದ ಆಚಾರಿ. ಗಾಳಿಗೆ ಮುರಿದ ಮುದಿ ಅಡಿಕೆಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳು ಕೆತ್ತಿ ತೆಗೆದರೆ ಉಳಿಯುವ ಹೊರಮೈ ಕಬ್ಬಿಣದಂಥದ್ದು. ಎಳೆಮರವಾದರೆ ಬೇಗ ಲಡ್ಡಾಗುತ್ತದೆ, ಮುದಿಯೇ ಆಗಬೇಕು. ಮುದಿಯಾದದ್ದು ಗಟ್ಟಿ ಎಂದು ಆಚಾರಿ ಹೇಳಿದಾಗ ನಾನು ಸ್ವಲ್ಪ ಸೆಟೆದು ನಿಂತೆ. ಅವನು ಹೇಳಿದ್ದು ಮರದ ಬಗ್ಗೆ. ಅದಕ್ಕೆ ಸೀದಾ ಮೊಳೆ ಹೊಡೆದರೆ ಒಂದೋ ಮೊಳೆ ಬಗ್ಗುತ್ತದೆ ಇಲ್ಲವೇ ದಬ್ಬೆ ಸೀಳುತ್ತದೆ. ಮೊದಲು ತೂತು ಕೊರೆಯಬೇಕು. ಇದು ಗೊತ್ತಾಗುವಷ್ಟರಲ್ಲಿ ನಾನು ಅರ್ಧ ಕಿಲೋ ಮೂರಿಂಚಿನ ಮೊಳೆಯನ್ನು ಕೊಕ್ಕೆ ಮಾಡಿಟ್ಟಿದ್ದೆ. ಅವನ್ನೆಲ್ಲ ಕಲ್ಲಿನ ಮೇಲಿಟ್ಟು ಬಡಿದು ನೇರ ಮಾಡುತ್ತಾ ಎರಡು ಮಧ್ಯಾಹ್ನ ಕಳೆದೆ.

ಆ ಮಧ್ಯಾಹ್ನಗಳಲ್ಲೇ ನನಗೆ ಲೇಖಕ ಥೋರೋ ನೆನಪಾದದ್ದು. ಅಮೆರಿಕದ ಕಾಂಕರ್ಡಿನಲ್ಲಿ 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಅವನು ಕಟ್ಟಿದ ಗುಡಿಸಲು ಹತ್ತಡಿಗೆ ಹದಿನೈದಡಿ; ನನ್ನದಕ್ಕಿಂತ ಮೂರಡಿ ಉದ್ದ. ಖರ್ಚು ಇಪ್ಪತ್ತೆಂಟು ಡಾಲರು ಹನ್ನೆರಡೂವರೆ ಸೆಂಟು. ಆ ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟಿದ್ದಾನೆ. ಬ್ಯಾಂಕಿನವನಾದ ನನಗೆ ಅವನ ಮೇಲೆ ಗೌರವ ಹುಟ್ಟಿದ್ದೇ ಅದಕ್ಕೆ. ಸೀಮೆಸುಣ್ಣಕ್ಕೆ ಒಂದು ಸೆಂಟು, ಮೊಳೆಗೆ ಮೂರು ಡಾಲರು ತೊಂಬತ್ತು ಸೆಂಟು. ಹಲಗೆಗೆಂದು ರೈಲುದಾರಿಯ ಕೂಲಿಯೊಬ್ಬನ ಜೋಪಡಿ ಕೊಂಡು, ಬಿಚ್ಚಿ, ಗಾಡಿಯಲ್ಲಿ ಸಾಗಿಸುವಾಗ, ಅವನು ಆಚೆ ಹೋದಾಗೆಲ್ಲ ನೆರೆಯವನೊಬ್ಬ ನೆಟ್ಟಗಿದ್ದ ಮೊಳೆಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡನಂತೆ. ಓದುವಾಗ ಇದೊಂದು ಕ್ಷುಲ್ಲಕ ದೂರು ಅನಿಸಿತ್ತು. ಬಗ್ಗಿದ ಮೊಳೆ ಬಡಿಯುತ್ತ ಕೂತಾಗ ಅದು ಎಂಥ ಅನ್ಯಾಯ ಎಂದು ಅರ್ಥವಾಯಿತು.

ಆದರೆ ಆ ಲೆಕ್ಕದಲ್ಲಿ ಬಾರದ್ದೂ ಇದೆ. ಜಾಗ ಸ್ನೇಹಿತ ಎಮರ್ಸನ್ನನದು. ಕೊಡಲಿ ಎರವಲು. ಚೌಕಟ್ಟು ಎತ್ತಿ ನಿಲ್ಲಿಸಲು ಬಂದ ಗೆಳೆಯರಿಗೆ ಕೂಲಿ ಬರೆದಿಲ್ಲ. ಅವರದೂ ಮುಯ್ಯಾಳೇ, ಆ ಪದ ಅವರಲ್ಲಿ ಇರಲಿಕ್ಕಿಲ್ಲ. ಎರಡು ವರ್ಷ ಚಿಲ್ಲರೆ ಇದ್ದು ಅವನು ಬಿಟ್ಟ ಮೇಲೆ ಆ ಗುಡಿಸಲನ್ನು ಬೇರೆ ಕಡೆ ಸಾಗಿಸಿ ಧಾನ್ಯ ತುಂಬಿಟ್ಟರು, ಕೊನೆಗೆ ಅದರ ಮಾಡು ಹಂದಿಗೂಡಿಗೆ ಹೋಯಿತು. ಇದನ್ನು ನಮ್ಮನೆಯವಳಿಗೆ ಹೇಳಿದೆ. ‘ಹಂದಿಗಾರೂ ಉಪಯೋಗಕ್ಕೆ ಬಂತಲ್ಲ’ ಎಂದಳು.

ಹೆಂಚಿಗೆ ನಾನು ಕಷ್ಟಪಡಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟದ ಮೇಲೂ ಸೋಗೆ ಮನೆಗಳು ನಿಧಾನವಾಗಿ ಕೆಂಪಾದವು. ಈಗ ಆ ಕೆಂಪು ಮನೆಗಳು ತಾರಸಿಯಾಗುತ್ತಿವೆ. ಮನೆ ಕೆಡವಿದವರ ಹಿತ್ತಿಲಲ್ಲೆಲ್ಲ ಹಳೆ ಹೆಂಚಿನ ರಾಶಿ. ಒಂದಕ್ಕೆ ಎಂಟು ರೂಪಾಯಿಯಂತೆ ನಾನೂರಿಪ್ಪತ್ತು ತಂದೆ. ತರುವ ಮುಂಚೆ ಒಂದೊಂದನ್ನೂ ಬೆರಳ ಗಿಣ್ಣಿನಿಂದ ತಟ್ಟಿ ನೋಡಬೇಕು. ಒಳ್ಳೆಯದು ಕಂಚಿನಂತೆ ಠಣ್ ಎನ್ನುತ್ತದೆ, ಬಿರುಕಿದ್ದದ್ದು ಶೀತವಾದವನಂತೆ ಮಾತಾಡುತ್ತದೆ. ಚಿಕ್ಕಪ್ಪನ ಮಗ, ಅವನ ಇಬ್ಬರು ಸ್ನೇಹಿತರು ಸಾಲಾಗಿ ನಿಂತು ಕೈಯಿಂದ ಕೈಗೆ ಎಸೆಯುತ್ತಾ ಒಂದೇ ಹೊತ್ತಿನಲ್ಲಿ ಟನ್ನು ಭಾರದ ಮಾಡು ಮುಗಿಸಿದರು. ಮೃಗಶಿರ ಮಳೆ ಹಿಡಿದದ್ದು ಅದಾದ ನಾಲ್ಕನೇ ದಿನಕ್ಕೆ. ಮೊದಲ ರಾತ್ರಿ ಒಳಗೆ ಚಾಪೆ ಹಾಸಿ ಮಲಗಿದೆ. ಎರಡು ಕಡೆ ಸೋರಿತು. ಎರಡೂ ನಾನು ಜೋಡಿಸಿದ ಹೆಂಚಿನ ಕೆಳಗೆ.

ಒಟ್ಟು ಖರ್ಚು 21,815 ರೂಪಾಯಿ. ಅದರಲ್ಲಿ 185 ರೂಪಾಯಿ ಸೊಂಟಕ್ಕೆ ಹಚ್ಚುವ ನೋವಿನ ಎಣ್ಣೆಯದು. ಸೀಮೆಸುಣ್ಣವನ್ನು ಥೋರೋ ಬಿಡಲಿಲ್ಲ, ನಾನು ಇದನ್ನು ಹೇಗೆ ಬಿಡಲಿ? ಇನ್ನೊಂದು ಲೆಕ್ಕ ಪುಸ್ತಕದ ಹಿಂದಿನ ಪುಟದಲ್ಲಿದೆ, ಅದರಲ್ಲಿ ದುಡ್ಡಿಲ್ಲ. ಮಣ್ಣು ತುಳಿದದ್ದು ಆರು ಆಳು, ಎರಡು ದಿನ. ಹೆಂಚು ಹೊದಿಸಿದ್ದು ಮೂರು ಆಳು. ಒಂದು ಹೊರೆ ಹುಲ್ಲು. ಹತ್ತು ಅಡಿಕೆ ಮರ, ಅದರಲ್ಲಿ ಮೂರು ಕೆಳಮನೆಯವು. ಇದನ್ನು ತೀರಿಸುವುದಕ್ಕೆ ಎರಡು ವರ್ಷದಿಂದ ಕರೆದಲ್ಲೆಲ್ಲ ಹೋಗುತ್ತಿದ್ದೇನೆ. ಚಿಕ್ಕಪ್ಪನ ಮಗನ ಮನೆಯ ಹೆಂಚು ಕೈಯಾಡಿಸಲು ಏಣಿ ಹತ್ತಿದ್ದೇನೆ, ಅವನ ಮಗಳ ಮದುವೆಯಲ್ಲಿ ಮೂರು ಪಂಕ್ತಿಗೆ ಸಾರು ಬಡಿಸಿದ್ದೇನೆ, ಅವನ ಸ್ನೇಹಿತರ ಪೈಕಿ ಒಬ್ಬನ ಬೆಳೆಸಾಲದ ಕಾಗದ ಪತ್ರ ಮಾಡಿಕೊಟ್ಟಿದ್ದೇನೆ. ಅಲ್ಲಿ ಹೋದಾಗ ಅವರು ಚಾ ಕೊಡುತ್ತಾರೆ, ಒಂದು ಗೊನೆ ಬಾಳೆಹಣ್ಣು ಕಟ್ಟಿ ಕಳಿಸುತ್ತಾರೆ. ಅಲ್ಲಿಗೆ ಮತ್ತೆ ನಮ್ಮ ಕಡೆ ಬಾಕಿ. ಇಂಥ ಖಾತೆಯನ್ನು ಮೂವತ್ತನಾಲ್ಕು ವರ್ಷದಲ್ಲಿ ನಾನು ಕಂಡಿಲ್ಲ. ಎರಡೂ ಕಡೆಯವರು ಸಾಲಗಾರರೇ.

ಈ ವರ್ಷ ಹಲಸು ಚೆನ್ನಾಗಿ ಹಿಡಿದಿದೆ. ಮೊನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಕ್ಯಾಬಿನ್ನಿನಲ್ಲಿ ಪೇಪರು ಓದುತ್ತಾ ಕೂತಿದ್ದೆ. ನಮ್ಮನೆಯವಳು, ಕೆಳಮನೆಯ ತಂಗಿ ಇಬ್ಬರೂ ಬಂದರು. ‘ಸ್ವಲ್ಪ ಏಳಿ’ ಎಂದಳು. ಎದ್ದೆ. ಇಬ್ಬರೂ ಕದವನ್ನು ಆಚೆ ಈಚೆ ಹಿಡಿದು, ಒಂದು ಸಲ ಮೇಲೆತ್ತಿ, ಗೂಟವನ್ನು ಗುಳಿಯಿಂದ ಬಿಡಿಸಿ, ಅನಾಯಾಸವಾಗಿ ಹೊತ್ತುಕೊಂಡು ಹೊರಟರು. ಕೀಲಿಲ್ಲದ ಬಾಗಿಲಿನ ಲಾಭ ಇದು ಎಂದು ನನಗೆ ಆಗ ತಿಳಿಯಿತು. ಅಂಗಳದಲ್ಲಿ ಅದೇ ಎರಡು ಕಲ್ಲು, ಅದರ ಮೇಲೆ ಕದ, ಕದದ ಮೇಲೆ ಹಳೆ ಪಂಚೆ, ಪಂಚೆಯ ಮೇಲೆ ಸಾಲಾಗಿ ಹಪ್ಪಳ.

‘ಹದಿನೈದು ದಿವ್ಸದ ಮಾತು. ಒಣಗಿದ್ ಮೇಲೆ ತಂದು ಹಾಕ್ತೇವೆ’ ಎಂದಳು.

ಬಾಗಿಲಿಲ್ಲದ ಕ್ಯಾಬಿನ್ನಿನೊಳಗೆ ಈಗ ಕರು ಬಂದು ಮಲಗುತ್ತದೆ, ನೆಲ ತಂಪಾಗಿದೆಯಲ್ಲ. ನನ್ನನ್ನು ಅಂಗಳದ ನೆರಳಿಗೆ ಕುರ್ಚಿ ಹಾಕಿ ಕೂರಿಸಿದ್ದಾರೆ. ಕೈಯಲ್ಲಿ ಉದ್ದನೆಯ ಕೋಲು. ಹಲಸಿನ ಮರದ ಮೇಲೆ ಎರಡು ಕಾಗೆ ಕೂತಿವೆ, ಒಂದು ಆಗಲೇ ಕತ್ತು ಓರೆ ಮಾಡಿ ಮೂರನೇ ಸಾಲನ್ನು ನೋಡುತ್ತಿದೆ.